ಶಿಬಿರಕ್ಕೆ ಹೊರಡುವ ಮೊದಲು ಊರಿನವರನ್ನು ಕೇಳಿ

ಕಾಲೇಜಿನಿಂದ ಹಳ್ಳಿಯೊಂದಕ್ಕೆ ಸೇವಾ ಶಿಬಿರ ಹೋಗುವುದಾದರೆ, ರಜೆ ಶುರುವಾಗಲು ಎರಡು ತಿಂಗಳಿರುವಾಗಲೇ ನಾಲ್ಕೈದು ಜನ ಆ ಊರಿಗೆ ಒಮ್ಮೆ ಹೋಗಿ ಬನ್ನಿ. ಬ್ಯಾನರ್ ಬೇಡ, ಭಾಷಣ ಬೇಡ. ಪಂಚಾಯಿತಿ ಕಚೇರಿ, ಕಿರಾಣಿ ಅಂಗಡಿ, ಶಾಲೆ, ಅಂಗನವಾಡಿ, ಹೆಂಗಸರು ನೀರು ಸೇದುವ ಬಾವಿ, ಇಷ್ಟು ಕಡೆ ಕುಳಿತು ಮಾತು ಕೇಳಿಸಿಕೊಂಡು ಸಂಜೆಯ ಬಸ್ಸಿಗೆ ಮರಳಿ. ಏಳು ದಿನದ ಶಿಬಿರ ಊರಿಗೆ ಉಪಕಾರವಾಗುತ್ತದೆಯೋ ಉಪದ್ರವವಾಗುತ್ತದೆಯೋ ಎಂಬುದು ಬಹುಪಾಲು ಆ ಒಂದು ದಿನದಲ್ಲೇ ತೀರ್ಮಾನವಾಗುತ್ತದೆ.

ನಾನು ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನ ಪದವಿ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ರಾಷ್ಟ್ರೀಯ ಸೇವಾ ಯೋಜನೆಯ (ಎನ್‌ಎಸ್‌ಎಸ್) ಕಾರ್ಯಕ್ರಮಾಧಿಕಾರಿಯಾಗಿ ಕರಾವಳಿಯಲ್ಲೂ ಘಟ್ಟದ ಮೇಲೂ ಮಕ್ಕಳನ್ನು ಕರೆದುಕೊಂಡು ಹೋಗಿದ್ದೇನೆ. ಅದಕ್ಕಿಂತ ಮುಂಚೆ ನಾನು ಶಿಬಿರ ಬಂದ ಊರಿನ ಹುಡುಗಿ. ಅಘನಾಶಿನಿ ಹಿನ್ನೀರಿನ ನಮ್ಮ ಊರಿಗೆ ಒಮ್ಮೆ ದೂರದ ಕಾಲೇಜಿನವರು ಬಂದು ಶಾಲೆಯ ಆವರಣದ ಗೋಡೆಗೆ ಬಣ್ಣ ಬಳಿದು ಘೋಷಣೆಗಳನ್ನು ಬರೆದು ಹೋದರು. ಶಾಲೆಗೆ ಹೋಗುವ ದಾರಿಯ ಕಾಲುಸಂಕದ ಒಂದು ದಿಮ್ಮಿ ಆ ವರ್ಷ ಮುರಿದಿತ್ತು. ಸಣ್ಣ ಮಕ್ಕಳು ಉಳಿದೊಂದು ದಿಮ್ಮಿಯ ಮೇಲೆ ಕುಳಿತು ಜರುಗುತ್ತಾ ಹಳ್ಳ ದಾಟುತ್ತಿದ್ದೆವು. ಬಂದವರಲ್ಲಿ ಐವತ್ತು ಜೋಡಿ ಗಟ್ಟಿ ಕೈಗಳಿದ್ದವು, ಅರ್ಧ ದಿನದ ಕೆಲಸ ಅದು. ಆದರೆ ಯಾರೂ ಕೇಳಲಿಲ್ಲ, ನಮ್ಮವರು ಸಂಕೋಚಪಟ್ಟು ಹೇಳಲಿಲ್ಲ. ಇಂದು ನನ್ನ ವಿದ್ಯಾರ್ಥಿಗಳಿಗೆ ಎಲ್ಲಕ್ಕಿಂತ ಮೊದಲು ಕೇಳುವುದನ್ನೇ ಕಲಿಸುತ್ತೇನೆ.

ಕಾಲೇಜಿನ ಚೌಕಟ್ಟಿನ ಮಾತನ್ನು ಬೇಗ ಮುಗಿಸಿಬಿಡೋಣ. ಎನ್‌ಎಸ್‌ಎಸ್ ಶುರುವಾದದ್ದು 1969ರ ಸೆಪ್ಟೆಂಬರ್ 24ರಂದು, ಗಾಂಧೀಜಿಯ ಜನ್ಮಶತಾಬ್ದಿಯ ವರ್ಷದಲ್ಲಿ, 37 ವಿಶ್ವವಿದ್ಯಾಲಯಗಳಲ್ಲಿ. ಸ್ವಯಂಸೇವಕರು ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಕ್ಕೆ 240 ಗಂಟೆ ಸೇವೆ ಮಾಡಬೇಕು, ಜೊತೆಗೆ ಏಳು ದಿನದ ಒಂದು ವಿಶೇಷ ಶಿಬಿರದಲ್ಲಿ ಇರಬೇಕು. ಆಗ ಪ್ರಮಾಣಪತ್ರ ಸಿಗುತ್ತದೆ. ಎನ್‌ಎಸ್‌ಎಸ್ ಇಲ್ಲದೆಯೂ ಗೆಳೆಯರು ಸೇರಿಕೊಂಡು ರಜೆಯಲ್ಲಿ ಹೋಗಬಹುದು. ಆದರೆ ಆಗಲೂ ಪ್ರಾಂಶುಪಾಲರಿಗೆ ಬರವಣಿಗೆಯಲ್ಲಿ ತಿಳಿಸಿ, ಪಾಲಕರ ಒಪ್ಪಿಗೆ ಪತ್ರ ಪಡೆದು, ಜವಾಬ್ದಾರಿ ಹೊರುವ ಹಿರಿಯರೊಬ್ಬರನ್ನು ಜೊತೆಗಿಟ್ಟುಕೊಂಡೇ ಹೊರಡಿ. ಪ್ರಮಾಣಪತ್ರಕ್ಕಾಗಿ ಬರುವವರನ್ನು ನಾನು ಕೀಳಾಗಿ ಕಾಣುವುದಿಲ್ಲ. ಎರಡನೆಯ ದಿನ ಮಣ್ಣು ಮೆತ್ತಿದ ಮೇಲೆ ಅವರೂ ಉಳಿದವರ ಹಾಗೆಯೇ ದುಡಿಯುತ್ತಾರೆ.

ಯಾರನ್ನು ಕೇಳಬೇಕು, ಏನನ್ನು ಕೇಳಬೇಕು

ಪಂಚಾಯಿತಿ ಅಧ್ಯಕ್ಷರನ್ನೂ ಪಿಡಿಒ ಅವರನ್ನೂ ಕಾಣದೆ ಇರಬಾರದು, ಅವರ ಒಪ್ಪಿಗೆ ಇಲ್ಲದೆ ಊರಿನ ಜಾಗದಲ್ಲಿ ಗುದ್ದಲಿ ಇಡಬಾರದು. ಆದರೆ ಅಲ್ಲಿಗೇ ನಿಲ್ಲಬೇಡಿ. ಪಂಚಾಯಿತಿಯಲ್ಲಿ ಕೇಳಿದರೆ ರಸ್ತೆ, ಚರಂಡಿ, ಸಭಾಭವನ ಎಂದು ಸರ್ಕಾರದ ಹಣದಿಂದ ಆಗಬೇಕಾದ ಕೆಲಸಗಳ ಪಟ್ಟಿ ಬರುತ್ತದೆ. ಅವು ನಿಮ್ಮ ಕೈಯಳತೆಯವಲ್ಲ. ಮುಖ್ಯಾಧ್ಯಾಪಕರು, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು, ಆಶಾ ಕಾರ್ಯಕರ್ತೆ, ಸ್ವಸಹಾಯ ಸಂಘದ ಹೆಂಗಸರು, ಮೀನು ಬುಟ್ಟಿ ಇಳಿಸಿ ಬಸ್ಸಿಗೆ ಕಾಯುತ್ತಿರುವವರು, ಇವರ ಬಾಯಿಂದ ಬೇರೆ ಪಟ್ಟಿ ಬರುತ್ತದೆ. ಬಾವಿಯ ಹತ್ತಿರ ಹುಡುಗಿಯರು ಹೋದರೆ ಮಾತು ಬೇಗ ಹೊರಡುತ್ತದೆ. ಹಿರಿಯರನ್ನು ಅಕ್ಕ, ಅಜ್ಜಿ, ಅಣ್ಣ ಎಂದೇ ಮಾತನಾಡಿಸಿ. ‘ಫಲಾನುಭವಿ’ ಎಂಬ ಶಬ್ದವನ್ನು ಕಾಲೇಜಿನ ವರದಿಯಲ್ಲೇ ಬಿಟ್ಟು ಬನ್ನಿ.

ಎರಡು ಪ್ರಶ್ನೆಗಳನ್ನು ನಾನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇನೆ. ಮೊದಲನೆಯದು: ‘ಈ ವರ್ಷ ನೀವೇ ಮಾಡಿಕೊಳ್ಳಬೇಕೆಂದಿದ್ದು, ಕೈ ಸಾಲದೆ ನಿಂತುಹೋದ ಕೆಲಸ ಯಾವುದು?’ ಎರಡನೆಯದು: ‘ನಾವು ಹೋದ ಮೇಲೆ ಇದನ್ನು ಯಾರು ನೋಡಿಕೊಳ್ಳುತ್ತಾರೆ?’ ಎರಡನೆಯದಕ್ಕೆ ಒಬ್ಬ ಮನುಷ್ಯರ ಹೆಸರು ಸಿಗಬೇಕು. ‘ಊರಿನವರೆಲ್ಲ ನೋಡಿಕೊಳ್ಳುತ್ತೇವೆ’ ಎಂಬ ಉತ್ತರ ಬಂದರೆ ಆ ಕೆಲಸ ಎಷ್ಟೇ ಚೆನ್ನಾಗಿ ಕಂಡರೂ ಕೈಬಿಡಿ. ನೆಟ್ಟ ಗಿಡಕ್ಕೆ ನೀರು ಹಾಕುವವರಿಲ್ಲದೆ, ಕಟ್ಟಿದ ಶೌಚಾಲಯಕ್ಕೆ ಬೀಗದ ಕೈ ಇಟ್ಟುಕೊಳ್ಳುವವರಿಲ್ಲದೆ ಹಾಳಾದದ್ದನ್ನು ಈ ಜಿಲ್ಲೆಯ ಯಾವ ಹೋಬಳಿಯಲ್ಲಾದರೂ ತೋರಿಸಬಲ್ಲೆ.

ಇನ್ನೊಂದು ಸೂಕ್ಷ್ಮ ಇದೆ. ಊರೆಂದರೆ ಒಂದೇ ಬಾಯಿ ಅಲ್ಲ. ಕೇರಿ ಕೇರಿಗೂ ಬೇಡಿಕೆ ಬೇರೆ. ಮೀನುಗಾರ ಹರಿಕಂತರ ಕೇರಿ, ಹಾಲಕ್ಕಿ ಒಕ್ಕಲಿಗರ ಕೊಪ್ಪ, ರಸ್ತೆ ಬದಿಯ ಮನೆಗಳು, ಎಲ್ಲ ಕಡೆ ಒಂದೊಂದು ಗಂಟೆ ಕುಳಿತುಕೊಳ್ಳಿ. ಕಾರವಾರದ ಕಡೆಗೆ ಹೋದರೆ ಮನೆಮಾತು ಕೊಂಕಣಿ. ತಂಡದಲ್ಲಿ ಕೊಂಕಣಿ ಬಲ್ಲವರಿಬ್ಬರಾದರೂ ಇರಲಿ. ದನಗರ ಗೌಳಿಗಳ ಕೇರಿಗೆ, ಜೋಯಿಡಾದ ಕುಣಬಿಗಳ ಊರಿಗೆ ಹೋಗುವುದಾದರೆ ಮರಾಠಿ, ಕೊಂಕಣಿ ಇಲ್ಲದೆ ಅಜ್ಜ ಅಜ್ಜಿಯರ ಮಾತು ನಿಮಗೆ ದಕ್ಕುವುದಿಲ್ಲ.

ಯಾವ ರಜೆಗೆ ಯಾವ ಕೆಲಸ

ನಮ್ಮ ಜಿಲ್ಲೆಯಲ್ಲಿ ಕೆಲಸವನ್ನು ನಿಶ್ಚಯಿಸುವುದು ಮಳೆ ಮತ್ತು ಕಡಲು. ಸೆಮಿಸ್ಟರ್ ವೇಳಾಪಟ್ಟಿ ವರ್ಷ ವರ್ಷ ಜರುಗುತ್ತದೆ, ಮಳೆ ಅಷ್ಟು ಜರುಗುವುದಿಲ್ಲ. ಹಾಗಾಗಿ ರಜೆ ಯಾವ ತಿಂಗಳಿಗೆ ಬಿತ್ತೆಂದು ನೋಡಿಕೊಂಡು ಕೆಲಸ ಆರಿಸಿ.

ದಸರೆಯ ಆಸುಪಾಸಿನ ರಜೆಯಾದರೆ ಗಜನಿಯ, ಅಂದರೆ ಉಪ್ಪು ನೀರು ನುಗ್ಗುವ ಗದ್ದೆಗಳ, ಊರುಗಳಿಗೆ ಬನ್ನಿ. ಅಘನಾಶಿನಿ ಅಳಿವೆಯ ಅಕ್ಕಪಕ್ಕದ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ. ಉಪ್ಪು ನೀರನ್ನೂ ಮುಳುಗಡೆಯನ್ನೂ ತಾಳಿಕೊಳ್ಳುವ ತಳಿ ಅದು, ಎತ್ತರ ಬೆಳೆಯುತ್ತದೆ, ಕಾಳಿಗೆ ಉದ್ದ ಮುಳ್ಳಿನಂಥ ಮೀಸೆ ಇರುತ್ತದೆ. ಮಳೆಗಾಲದ ಆರಂಭದಲ್ಲಿ ಮೊಳಕೆ ಬಂದ ಬೀಜ ಚೆಲ್ಲಿದರೆ ಅಕ್ಟೋಬರ್ ಹೊತ್ತಿಗೆ ಕೊಯ್ಲು. ಯಂತ್ರ ಇಳಿಯದ ಕೆಸರಿನಲ್ಲಿ, ಮೊಣಕಾಲು ಮುಳುಗುವ ನೀರಿನಲ್ಲಿ ನಿಂತು ಕೈಯಿಂದಲೇ ಕೊಯ್ಯಬೇಕು. ಕೂಲಿಗೆ ಜನ ಸಿಗದೆ ಗದ್ದೆಗಳು ಸಿಗಡಿ ಹೊಂಡಗಳಾಗಿ ಬದಲಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇಲ್ಲಿ ವಿದ್ಯಾರ್ಥಿಗಳ ಕೈ ನಿಜವಾಗಿ ಬೇಕಾಗಿದೆ. ಮೊದಲ ಬೆಳಿಗ್ಗೆ ಕತ್ತಿ ಹಿಡಿಯಬೇಡಿ. ಬಲ್ಲ ಹೆಂಗಸರ ಹಿಂದೆ ನಡೆದು, ಅವರು ತೆನೆಯನ್ನಷ್ಟೇ ಹೇಗೆ ಹಿಡಿದು ಕತ್ತರಿಸುತ್ತಾರೆ, ಕಾಲನ್ನು ಕೆಸರಿನಿಂದ ಹೇಗೆ ಹಿಮ್ಮಡಿ ಮೊದಲು ಎತ್ತುತ್ತಾರೆ ಎಂದು ನೋಡಿ, ಕೊಯ್ದದ್ದನ್ನು ದಂಡೆಗೆ ಹೊರಿ. ಮಧ್ಯಾಹ್ನದ ಮೇಲೆ ಅವರೇ ಕತ್ತಿ ಕೊಡುತ್ತಾರೆ. ತೆನೆ ತೆಗೆದು ಉಳಿದ ಹುಲ್ಲು ನೀರಿನಲ್ಲೇ ಕೊಳೆತು ಮೀನು, ಸಿಗಡಿಗೆ ಮೇವಾಗುತ್ತದೆ. ಆದ್ದರಿಂದ ‘ಸ್ವಚ್ಛ ಮಾಡುತ್ತೇವೆ’ ಎಂದು ಅದನ್ನು ಎಳೆದು ದಂಡೆಗೆ ಹಾಕಬೇಡಿ.

ಮಳೆ ನಿಂತ ಮೇಲಿನ ರಜೆಗೆ, ನವೆಂಬರ್ ಡಿಸೆಂಬರ್‌ನಲ್ಲಿ, ಹಳ್ಳಕ್ಕೆ ಒಡ್ಡು ಕಟ್ಟುವ ಕೆಲಸಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ. ಅದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಈ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಆದರೂ ಏಪ್ರಿಲ್‌ನಲ್ಲಿ ಬಾವಿಯ ತಳ ಕಾಣುತ್ತದೆ. ಇಳಿಜಾರು ಹೆಚ್ಚು, ಕಡಲು ಹತ್ತಿರ, ಚಿರೆಕಲ್ಲಿನ ನೆಲದಲ್ಲಿ ನೀರು ಬಹುಕಾಲ ನಿಲ್ಲುವುದಿಲ್ಲ. ಹಳ್ಳದಲ್ಲಿ ಹರಿವು ಇರುವಾಗಲೇ ಒಡ್ಡು ಹಾಕಿದರೆ ಪಕ್ಕದ ಬಾವಿಗಳ ನೀರು ಇನ್ನಷ್ಟು ದಿನ ಉಳಿಯುತ್ತದೆ. ಜನವರಿ ದಾಟಿದ ಮೇಲೆ ಕಟ್ಟಿದರೆ ತಡೆದಿಡಲು ನೀರೇ ಇರುವುದಿಲ್ಲ.

ಜಾಗವನ್ನು ಊರಿನ ಹಿರಿಯ ರೈತರು ತೋರಿಸಲಿ. ದಂಡೆ ಎರಡೂ ಕಡೆ ಗಟ್ಟಿಯಾಗಿದ್ದು, ಹಳ್ಳ ಕಿರಿದಾಗುವ ಜಾಗ ಬೇಕು. ಕೆಳಗಿನ ತೋಟದವರ ಒಪ್ಪಿಗೆ ಪಡೆಯದೆ ಒಂದು ಚೀಲವನ್ನೂ ಇಡಬೇಡಿ. ನೀರಿನ ಜಗಳ ತಲೆಮಾರು ದಾಟುತ್ತದೆ, ನೀವು ಬಸ್ ಹತ್ತಿ ಹೋಗುತ್ತೀರಿ, ಅವರು ಅಲ್ಲೇ ಇರಬೇಕು. ಖಾಲಿ ಸಿಮೆಂಟ್ ಚೀಲಗಳನ್ನು ತಿಂಗಳ ಮೊದಲೇ ಕೂಡಿಸಿ, ತೊಳೆದು ಒಣಗಿಸಿ ಇಡಿ. ಚೀಲವನ್ನು ಮುಕ್ಕಾಲು ಭಾಗ ಮಾತ್ರ ತುಂಬಿ ಬಾಯಿ ಹೊಲಿಯಬೇಕು. ಕಂಠಪೂರ್ತಿ ತುಂಬಿದ ಚೀಲ ಒಂದರ ಪಕ್ಕ ಒಂದು ಒತ್ತಿ ಕೂರುವುದಿಲ್ಲ, ಸಂದಿನಲ್ಲೆಲ್ಲ ನೀರು ಸೋರುತ್ತದೆ. ಮೊದಲು ಹಳ್ಳದ ತಳದ ಸಡಿಲ ಮರಳು, ಕೊಳೆತ ಎಲೆ ತೆಗೆದು ಗಟ್ಟಿ ನೆಲ ಸಿಗುವವರೆಗೆ ಬಿಡಿಸಿಕೊಳ್ಳಿ. ಅಡ್ಡಲಾಗಿ ಎರಡು ಸಾಲು ಚೀಲ ಇಟ್ಟು, ನಡುವಿನ ಒಂದೂವರೆ ಅಡಿ ಜಾಗಕ್ಕೆ ಜೇಡಿಮಣ್ಣು ಹಾಕಿ ಕಾಲಿನಲ್ಲಿ ತುಳಿಯಿರಿ. ತುಳಿಯುವ ಕೆಲಸದಲ್ಲಿ ಅವಸರ ಮಾಡಿದ ಒಡ್ಡು ಮರುದಿನವೇ ಅಳುತ್ತದೆ. ಮೇಲಿನ ಸಾಲಿನ ಚೀಲ ಕೆಳಗಿನ ಎರಡು ಚೀಲಗಳ ಸಂದಿನ ಮೇಲೆ ಬರಬೇಕು. ನಡುವೆ ಒಂದು ಕಡೆ ಒಂದು ಚೀಲದಷ್ಟು ತಗ್ಗು ಬಿಟ್ಟು, ಹೆಚ್ಚಾದ ನೀರು ಅಲ್ಲಿಂದಲೇ ಹರಿದುಹೋಗುವಂತೆ ಮಾಡಿ. ಇಲ್ಲದಿದ್ದರೆ ನೀರು ದಂಡೆಯನ್ನು ಕೊರೆದು ತಾನೇ ದಾರಿ ಮಾಡಿಕೊಳ್ಳುತ್ತದೆ.

ಮೇ ತಿಂಗಳ ಕೊನೆಯೊಳಗೆ ಈ ಚೀಲಗಳನ್ನು ತೆಗೆಯಲೇಬೇಕು. ಮುಂಗಾರಿನ ಮೊದಲ ನೆರೆಗೆ ಕೊಚ್ಚಿಹೋದರೆ ಹರಿದ ಪ್ಲಾಸ್ಟಿಕ್ ಎಲ್ಲ ನದಿಯ ಮೂಲಕ ಕಡಲಿಗೆ ಸೇರುತ್ತದೆ. ‘ಯಾರು ನೋಡಿಕೊಳ್ಳುತ್ತಾರೆ’ ಎಂಬ ನನ್ನ ಎರಡನೆಯ ಪ್ರಶ್ನೆ ಇಲ್ಲಿ ತೀರ ನಿರ್ದಿಷ್ಟವಾಗುತ್ತದೆ: ಮೇ ತಿಂಗಳಲ್ಲಿ ಚೀಲ ತೆಗೆಯುವವರು ಯಾರು? ನಮ್ಮ ಕಾಲೇಜಿನ ಮಕ್ಕಳು ಅದಕ್ಕೆಂದೇ ಒಂದು ಭಾನುವಾರ ಮತ್ತೆ ಹೋಗುತ್ತಾರೆ. ನೀವೂ ಹೊರಡುವ ಮೊದಲೇ ಆ ಭಾನುವಾರವನ್ನು ಗೊತ್ತು ಮಾಡಿಕೊಳ್ಳಿ.

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಡಲತೀರಕ್ಕೆ ಹೋಗುವವರು ಕಡಲಾಮೆಗಳ ವಿಷಯ ತಿಳಿದಿರಲೇಬೇಕು. ಈ ತಿಂಗಳುಗಳಲ್ಲಿ ಆಲಿವ್ ರಿಡ್ಲಿ ಆಮೆಗಳು ಕಾರವಾರ, ಹೊನ್ನಾವರದ ತೀರಗಳಿಗೆ ರಾತ್ರಿ ಬಂದು ಮರಳಿನಲ್ಲಿ ಮೊಟ್ಟೆ ಇಡುತ್ತವೆ. ಒಂದು ಗೂಡಿನಲ್ಲಿ ಸುಮಾರು ನೂರು ಮೊಟ್ಟೆ, ಮರಿ ಹೊರಬರಲು ಏಳೆಂಟು ವಾರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಸೇರಿರುವ ಪ್ರಾಣಿ ಇದು. ಗೂಡನ್ನು ಮುಟ್ಟುವ ಅಧಿಕಾರ ಅರಣ್ಯ ಇಲಾಖೆಯವರಿಗೆ ಮಾತ್ರ. ನೀವು ಮಾಡಬಹುದಾದದ್ದು ಇಷ್ಟು: ಸಂಜೆಗೆ ಮೊದಲು ಬಲೆಯ ತುಂಡು, ಥರ್ಮಾಕೋಲ್, ಬಾಟಲಿ ಹೆಕ್ಕುವುದು, ರಾತ್ರಿ ಟಾರ್ಚ್, ಬೆಂಕಿ, ಸಂಗೀತ ಇಲ್ಲದಿರುವುದು, ಗೂಡು ಕಂಡರೆ ಇಲಾಖೆಗೆ ತಿಳಿಸುವುದು. ತೀರದ ಮೇಲ್ಭಾಗದ ಮರಳನ್ನು ಕುಂಟೆ ಹಾಕಿ ಕೆರೆಯಬೇಡಿ, ಅಲ್ಲಿ ಹಬ್ಬಿರುವ ನೇರಳೆ ಹೂವಿನ ಬಳ್ಳಿಯನ್ನು ಕಸವೆಂದು ಕೀಳಬೇಡಿ. ಮರಳನ್ನು ಹಿಡಿದಿಟ್ಟಿರುವುದು ಅದೇ.

ಕಸ ಹೆಕ್ಕುವುದು ಸುಲಭ, ಹೆಕ್ಕಿದ್ದು ಎಲ್ಲಿಗೆ ಹೋಗುತ್ತದೆ ಎಂಬುದು ಕಷ್ಟದ ಪ್ರಶ್ನೆ. ಪಂಚಾಯಿತಿಯ ತ್ಯಾಜ್ಯ ಘಟಕದವರೊಂದಿಗೆ ಮೊದಲೇ ಮಾತನಾಡಿ, ಅವರ ವಾಹನ ಬರುವ ದಿನವೇ ತೀರ ಸ್ವಚ್ಛ ಮಾಡಿ. ಒದ್ದೆ ಮರಳು ಮೆತ್ತಿದ ಪ್ಲಾಸ್ಟಿಕ್ಕನ್ನು ಅವರು ತೆಗೆದುಕೊಳ್ಳಲಾರರು. ಒಣಗಿಸಿ, ಕೊಡವಿ, ಬಗೆ ಬಗೆಯಾಗಿ ಬೇರ್ಪಡಿಸಿ ಕೊಡಬೇಕು. ಚೀಲ ತುಂಬಿ ದಂಡೆಯ ಮೇಲೆ ಸಾಲಾಗಿ ನಿಲ್ಲಿಸಿ ಫೋಟೊ ತೆಗೆದು ಹೋದರೆ ವಾರದೊಳಗೆ ನಾಯಿ, ದನ ಹರಿದು ಅದು ಮತ್ತೆ ತೀರಕ್ಕೇ ಹರಡುತ್ತದೆ.

ಜೂನ್ ಜುಲೈಯಲ್ಲಿ ರಜೆ ಬಂದರೆ ಅದು ಕಾಂಡ್ಲಾ (ಅಳಿವೆಯ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್) ನೆಡುವ ಕಾಲ. ಅಘನಾಶಿನಿ ಅಳಿವೆಗೆ 2024ರಲ್ಲಿ ಜಾಗತಿಕ ಮಹತ್ವದ ಜೌಗು ಪ್ರದೇಶವೆಂಬ ರಾಮ್ಸಾರ್ ಮಾನ್ಯತೆ ಸಿಕ್ಕಿದ ಮೇಲೆ ಕಾಂಡ್ಲಾ ನೆಡಲು ಬರುವವರ ಉತ್ಸಾಹ ಹೆಚ್ಚಿದೆ. ಉತ್ಸಾಹ ಒಳ್ಳೆಯದೇ, ಆದರೆ ಕೆಸರು ಕಂಡಲ್ಲೆಲ್ಲ ನೆಡಬಾರದು. ಇಳಿತದಲ್ಲಿ ಬರಿದಾಗಿ ಕಾಣುವ ಆ ಕೆಸರು ಬಯಲಿನಲ್ಲೇ ನಮ್ಮ ಹೆಂಗಸರು ಬಳಚು ಎಂಬ ಚಿಪ್ಪುಮೀನು ಆರಿಸುತ್ತಾರೆ. ಅಲ್ಲಿ ಕಾಂಡ್ಲಾ ಎದ್ದರೆ ಅವರ ದುಡಿಮೆ ಹೋಯಿತು. ಅರಣ್ಯ ಇಲಾಖೆಯ ವಲಯ ಕಚೇರಿ ತೋರಿಸಿದ ಜಾಗದಲ್ಲಿ, ಬಳಚು ಆರಿಸುವವರೂ ಹೌದೆಂದ ಜಾಗದಲ್ಲಿ ಮಾತ್ರ ನೆಡಿ. ಮರದಲ್ಲೇ ಮೊಳೆತು ಉದ್ದ ಕೋಲಿನಂತೆ ಇಳಿಬೀಳುವ ಬೀಜಗಳಲ್ಲಿ ಹುಳ ಕೊರೆಯದವನ್ನು ಆರಿಸಿ, ಚೂಪು ತುದಿ ಕೆಳಗಾಗಿ, ಮೂರನೇ ಒಂದು ಭಾಗ ಕೆಸರಿಗೆ ಇಳಿಯುವಂತೆ ಚುಚ್ಚಬೇಕು. ಇಳಿತದ ಹೊತ್ತಿಗೆ ಇಳಿದು, ನೀರು ತಿರುಗುವ ಮೊದಲೇ ದಂಡೆ ಸೇರಬೇಕು. ಭರತ ಇಳಿತಗಳು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತವೆ. ಆದ್ದರಿಂದ ನಿನ್ನೆ ಎಂಟಕ್ಕೆ ಶುರುಮಾಡಿದ ಕೆಲಸವನ್ನು ಇಂದೂ ಎಂಟಕ್ಕೇ ಶುರುಮಾಡುತ್ತೇವೆ ಎನ್ನಲು ಆಗುವುದಿಲ್ಲ. ಅಮಾವಾಸ್ಯೆ ಹುಣ್ಣಿಮೆಯ ಹತ್ತಿರ ನೀರು ಇನ್ನೂ ಮೇಲೇರುತ್ತದೆ. ಹೊತ್ತು ಹೇಳಲು ದೋಣಿಯವರಿಗಿಂತ ಬಲ್ಲವರಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವುದರಿಂದ ಅವರಲ್ಲಿ ಹಲವರು ಊರಲ್ಲೇ ಸಿಗುತ್ತಾರೆ.

ಗುಡ್ಡದಲ್ಲಿ ಗಿಡ ನೆಡುವ ಆಸೆಯಿದ್ದರೆ ತುಳಸಿ ಗೌಡ ಅವರನ್ನು ನೆನೆಯಿರಿ. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ಹಾಲಕ್ಕಿ ಹೆಣ್ಣುಮಗಳು, ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಯಾಗಿ ಶುರುಮಾಡಿ ದಶಕಗಳ ಕಾಲ ಸಸಿ ಬೆಳೆಸಿದರು. 2020ರ ಪದ್ಮಶ್ರೀ ಅವರಿಗೆ ಸಂದಿತು, 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಯಾವ ತಾಯಿಮರದಿಂದ, ಯಾವ ಹೊತ್ತಿನಲ್ಲಿ ಬೀಜ ತೆಗೆಯಬೇಕೆಂಬ ತಿಳಿವಳಿಕೆಯೇ ಅವರ ದೊಡ್ಡ ಸಂಪತ್ತಾಗಿತ್ತು. ವಾರದ ಶಿಬಿರದಲ್ಲಿ ಸಾವಿರ ಗಿಡ ನೆಡುವುದಕ್ಕಿಂತ ಏಪ್ರಿಲ್, ಮೇಯಲ್ಲಿ ಊರವರೊಂದಿಗೆ ಬೀಜ ಕೂಡಿಸಿ ಶಾಲೆಯ ಅಂಗಳದಲ್ಲಿ ಸಣ್ಣ ನರ್ಸರಿ ಮಾಡಿಕೊಡುವುದು ಮೇಲು. ಮಳೆ ಬಿದ್ದಾಗ ಶಾಲೆಯ ಮಕ್ಕಳೇ ಒಯ್ದು ನೆಡುತ್ತಾರೆ.

ಮೈ ಬಗ್ಗಿಸಲಾಗದವರಿಗೂ ಕೆಲಸ ಉಂಟು. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಪುಸ್ತಕಗಳನ್ನು ವಿಂಗಡಿಸಿ ಪಟ್ಟಿ ಮಾಡುವುದು, ಮಕ್ಕಳಿಗೆ ಓದಿ ಹೇಳುವುದು, ವೃದ್ಧಾಪ್ಯ ವೇತನ ನಿಂತುಹೋದ ಅಜ್ಜಿಯ ಕಾಗದ ಹಿಡಿದು ಅವರೊಂದಿಗೆ ನಾಡಕಚೇರಿಗೆ ಹೋಗುವುದು. ಇದರಲ್ಲಿ ಒಂದು ಎಚ್ಚರ: ಯಾರ ಆಧಾರ್ ಕಾರ್ಡನ್ನೂ ನಿಮ್ಮ ಮೊಬೈಲ್‌ನಲ್ಲಿ ಉಳಿಸಿಕೊಳ್ಳಬೇಡಿ, ಯಾರ ಒಟಿಪಿಯನ್ನೂ ಕೇಳಬೇಡಿ. ಕಾಗದ ಅವರ ಕೈಯಲ್ಲೇ ಇರಲಿ, ನೀವು ಪಕ್ಕದಲ್ಲಿ ನಿಲ್ಲಿ.

ನೆರೆ, ಗುಡ್ಡಕುಸಿತ ಆದಾಗ

2019ರ ಆಗಸ್ಟ್‌ನಲ್ಲಿ ಕಾಳಿ, ಗಂಗಾವಳಿ ಉಕ್ಕಿದಾಗಲೂ 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದಾಗಲೂ ‘ಮೇಡಂ, ಈಗಲೇ ಹೋಗೋಣ’ ಎಂದು ಮಕ್ಕಳು ಕರೆ ಮಾಡಿದರು. ಅವರ ಮನಸ್ಸಿನ ಬಗ್ಗೆ ನನಗೆ ಹೆಮ್ಮೆ. ಆದರೂ ಅಂಥ ಜಾಗಕ್ಕೆ ತರಬೇತಿ ಇಲ್ಲದವರು ಹೋಗಬಾರದು. ಕುಸಿದ ಗುಡ್ಡ ಮತ್ತೆ ಕುಸಿಯುತ್ತದೆ, ರಸ್ತೆಯಲ್ಲಿ ನಿಂತ ನಿಮ್ಮ ವಾಹನವೇ ಆಂಬುಲೆನ್ಸಿಗೆ ಅಡ್ಡವಾಗುತ್ತದೆ. ನಿಮ್ಮ ಕೆಲಸ ತಾಲ್ಲೂಕು ಆಡಳಿತ ತೆರೆದ ಕಾಳಜಿ ಕೇಂದ್ರದಲ್ಲಿದೆ. ತಹಶೀಲ್ದಾರ್ ಕಚೇರಿಗೆ ಹೆಸರು ಕೊಟ್ಟು, ಕರೆದಾಗ ಹೋಗಿ. ಹೊದಿಕೆ ಹಂಚುವುದು, ಮಕ್ಕಳನ್ನು ನೋಡಿಕೊಳ್ಳುವುದು, ನೀರಿಗೆ ಹೋದ ದಾಖಲೆಗಳ ಅರ್ಜಿ ಬರೆಯುವುದು. ಹಳೆಯ ಬಟ್ಟೆಯ ಮೂಟೆ ತರಬೇಡಿ. ಮೈತುಂಬ ನೋವು ಹೊತ್ತವರ ಮುಂದೆ ಹರಿದ ಸೀರೆ ಇಡುವುದು ಅವಮಾನ.

ನೀರು ಇಳಿದ ಮೇಲೆ ನಿಜವಾದ ಶ್ರಮದಾನ ಶುರು. ಮನೆಯೊಳಗಿನ ಮೊಣಕಾಲೆತ್ತರದ ರೇವೆ ಎತ್ತಿ ಹಾಕುವುದು, ಗೋಡೆ ತೊಳೆಯುವುದು, ಬಾವಿ ಬರಿದು ಮಾಡುವುದು. ವಿದ್ಯುತ್ ಸಂಪರ್ಕ ತಪ್ಪಿಸಿದ್ದನ್ನು ಖಚಿತ ಮಾಡಿಕೊಳ್ಳದೆ ಒದ್ದೆ ಮನೆಗೆ ಕಾಲಿಡಬೇಡಿ. ಮಣ್ಣಿನ ಗೋಡೆಯ ಮನೆಯಾದರೆ ಊರಿನ ಮೇಸ್ತ್ರಿ ನೋಡಿ ಹೇಳಿದ ಮೇಲೆಯೇ ಒಳಗೆ ಹೋಗಿ. ಏನನ್ನು ಎಸೆಯಬೇಕು, ಏನನ್ನು ಉಳಿಸಬೇಕು ಎಂದು ಮನೆಯವರೇ ಹೇಳಲಿ. ಕೆಸರಾದ ಒಂದು ಮಣೆ ನಿಮಗೆ ಕಸವಾಗಿ ಕಾಣಬಹುದು.

ಮೈ ಜೋಪಾನ

ಘಟ್ಟದ ಕಡೆಯ ಶಿಬಿರಗಳಿಗೆ, ಮುಖ್ಯವಾಗಿ ಸಿದ್ದಾಪುರ, ಹೊನ್ನಾವರದ ಕಾಡಂಚಿನ ಊರುಗಳಿಗೆ, ಡಿಸೆಂಬರ್‌ನಿಂದ ಮೇವರೆಗೆ ಹೋಗುವವರು ಮಂಗನ ಕಾಯಿಲೆಯನ್ನು ಲಘುವಾಗಿ ತೆಗೆದುಕೊಳ್ಳಬಾರದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಕಂಡ ಈ ಜ್ವರ ಉಣ್ಣೆಗಳಿಂದ ಹರಡುತ್ತದೆ. ಹೋಗುವ ಮೊದಲು ಆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆ ಮಾಡಿ, ಈ ವರ್ಷ ಮಂಗ ಸತ್ತಿದೆಯೇ, ಜ್ವರ ಕಂಡಿದೆಯೇ ಎಂದು ಕೇಳಿ. ಹೌದೆಂದರೆ ಊರನ್ನೇ ಬದಲಿಸಿ. ಇಲ್ಲವೆಂದರೂ ಉದುರಿದ ಒಣ ಎಲೆಗಳ ದರಕಿನ ಮೇಲೆ ಕೂರಬೇಡಿ, ಮೈತುಂಬ ಬಟ್ಟೆ ಹಾಕಿ, ಉಣ್ಣೆಗಳನ್ನು ದೂರವಿಡಲು ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಹಚ್ಚಿಕೊಳ್ಳಿ, ಸಂಜೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಶಿಬಿರ ಮುಗಿದು ವಾರ ಹತ್ತು ದಿನದೊಳಗೆ ಜ್ವರ ಬಂದರೆ ವೈದ್ಯರಿಗೆ ಕಾಡಿಗೆ ಹೋಗಿದ್ದ ಸಂಗತಿಯನ್ನು ಹೇಳಲೇಬೇಕು.

ಕೆಸರಿನ ಕೆಲಸಕ್ಕೆ ಇಲಿಜ್ವರದ ಭಯ. ಕಾಲಲ್ಲಿ ಗಾಯವಿದ್ದವರು ಗದ್ದೆಗೆ ಇಳಿಯಬಾರದು, ಅವರಿಗೆ ದಂಡೆಯ ಮೇಲಿನ ಕೆಲಸ ಕೊಡಿ. ಮಳೆಗಾಲದ ಉಂಬಳಕ್ಕೆ ಉಪ್ಪಿನ ಗಂಟು ಸಾಕು. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿದು ಕಟ್ಟುವುದು ಯಾವುದೂ ಬೇಡ, ಕಾಲು ಅಲುಗಿಸದೆ 108ಕ್ಕೆ ಕರೆ ಮಾಡಿ.

ಕಡಲಿನ ವಿಷಯದಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರಕ್ಕೆ ಪ್ರವಾಸ ಬಂದ ನಾಲ್ವರು ಶಾಲಾ ಬಾಲಕಿಯರು ನೀರುಪಾಲಾದರು. ಅದು ಮಳೆಗಾಲವಲ್ಲ, ಬಿಸಿಲು ಕಾಯುವ ಶಾಂತ ತಿಂಗಳು. ಅಲೆ ಸಣ್ಣದಾಗಿ ಕಂಡರೂ ಒಳಗೆ ಎಳೆತ ಇರುತ್ತದೆ. ಶಿಬಿರದ ಏಳೂ ದಿನ ಕಡಲಿಗೆ ಸ್ನಾನಕ್ಕೆ ಇಳಿಯುವಂತಿಲ್ಲ, ಈಜು ಬಲ್ಲವರೂ ಇಳಿಯುವಂತಿಲ್ಲ. ಇದನ್ನು ಪಾಲಕರ ಒಪ್ಪಿಗೆ ಪತ್ರದಲ್ಲೇ ಬರೆಸುತ್ತೇನೆ, ಮೀರಿದವರನ್ನು ಅದೇ ದಿನದ ಬಸ್ಸಿಗೆ ಹತ್ತಿಸುತ್ತೇನೆ.

ಇರುವುದು, ಉಣ್ಣುವುದು

ಸಾಮಾನ್ಯವಾಗಿ ಉಳಿಯಲು ಶಾಲೆಯ ಕೊಠಡಿ ಸಿಗುತ್ತದೆ. ಶಾಲೆಗೂ ರಜೆ ಇದೆಯೇ ನೋಡಿಕೊಳ್ಳಿ. ಹುಡುಗಿಯರಿಗೆ ಒಳಗಿನಿಂದ ಚಿಲಕ ಬೀಳುವ ಕೊಠಡಿ, ಬೆಳಕಿರುವ ಶೌಚಾಲಯ, ಬಕೆಟ್ ತುಂಬ ನೀರು, ಈ ಮೂರನ್ನು ಮೊದಲ ಭೇಟಿಯಲ್ಲೇ ಅಧ್ಯಾಪಕಿಯೊಬ್ಬರು ಕಣ್ಣಾರೆ ನೋಡಬೇಕು. ನೋಡದೆ ಹೂಂ ಎನ್ನಬೇಡಿ. ಬಳಸಿದ ಪ್ಯಾಡ್‌ಗಳನ್ನು ಊರಿನ ತೋಡಿಗೆ ಹಾಕದೆ ಕಾಗದದಲ್ಲಿ ಸುತ್ತಿ ಬೇರೆ ಚೀಲದಲ್ಲಿಟ್ಟು ಮರಳಿ ತರುವ ವ್ಯವಸ್ಥೆ ಇರಲಿ. ಈ ಮಾತನ್ನು ಹುಡುಗರ ಎದುರಲ್ಲೇ, ಸಹಜವಾಗಿ ಹೇಳಿ.

ಬಾವಿಯಲ್ಲಿ ಎಷ್ಟು ನೀರಿದೆ ಎಂದು ಕೇಳದೆ ಐವತ್ತು ಜನ ಇಳಿದುಬಿಡುವುದು ಅನ್ಯಾಯ. ಏಪ್ರಿಲ್, ಮೇಯಲ್ಲಿ ಕರಾವಳಿಯ ಹಲವು ಊರುಗಳಿಗೆ ಟ್ಯಾಂಕರ್ ಬರುತ್ತದೆ. ಆಗ ಇಪ್ಪತ್ತು ಜನರ ಸಣ್ಣ ತಂಡವೇ ಸಾಕು.

ದಿನಸಿಯನ್ನು ಪೇಟೆಯಿಂದ ಹೊತ್ತು ತರದೆ ಊರಿನ ಅಂಗಡಿಯಲ್ಲೇ ಕೊಳ್ಳಿ. ಅಡುಗೆಗೆ ಊರಿನ ಇಬ್ಬರು ಹೆಂಗಸರನ್ನು ಗೊತ್ತು ಮಾಡಿ, ಕೂಲಿಯನ್ನು ಮೊದಲೇ ಮಾತಾಡಿ, ಕೊನೆಯ ದಿನದವರೆಗೆ ಕಾಯಿಸದೆ ಕೊಡಿ. ಬೆಳಿಗ್ಗೆ ಅವಲಕ್ಕಿ ಇಲ್ಲವೇ ಕುಚ್ಚಲಕ್ಕಿ ಗಂಜಿ, ಮಧ್ಯಾಹ್ನ ಅನ್ನ, ಸಾರು, ಪಲ್ಯ, ಬಿಸಿಲಿನ ಕೆಲಸದ ನಡುವೆ ಮುರುಗಲು ಪಾನಕ. ಗಟ್ಟಿಯಾದ ಕೆಲಸವನ್ನೆಲ್ಲ ಬೆಳಿಗ್ಗೆ ಆರೂವರೆಯಿಂದ ಹತ್ತರೊಳಗೆ ಮುಗಿಸಿ. ಕರಾವಳಿಯ ಸೆಖೆಯಲ್ಲಿ ಹತ್ತರ ಮೇಲೆ ಹಾರೆ ಹಿಡಿದವರು ಹನ್ನೊಂದಕ್ಕೆ ತಲೆಸುತ್ತಿ ಕೂರುತ್ತಾರೆ. ಸಂಜೆಯ ಸಾಂಸ್ಕೃತಿಕ ಕಾರ್ಯಕ್ರಮಕ್ಕೆ ಧ್ವನಿವರ್ಧಕ ಬೇಡ. ಊರಿನಲ್ಲಿ ಯಕ್ಷಗಾನ ಬಲ್ಲವರಿದ್ದರೆ ವೇದಿಕೆ ಅವರಿಗೆ ಬಿಡಿ, ನೀವು ಕೆಳಗೆ ಕುಳಿತು ನೋಡಿ.

ಸರ್ಕಾರಿ ಬಸ್ಸಿನಲ್ಲೇ ಹೋಗುವುದು ಅಗ್ಗ. ಶಕ್ತಿ ಯೋಜನೆ ಇರುವುದರಿಂದ ಹುಡುಗಿಯರಿಗೆ ಗುರುತಿನ ಚೀಟಿ ಸಾಕು. ಕೊಂಕಣ ರೈಲು ಕರಾವಳಿಗೆ ಮಾತ್ರ, ಶಿರಸಿಗೆ ರೈಲಿಲ್ಲ. ಮಳೆಗಾಲದಲ್ಲಿ ದೇವಿಮನೆ ಘಟ್ಟ, ಅರಬೈಲ್ ಘಟ್ಟ ತೆರೆದಿದೆಯೇ ಎಂದು ಹೊರಡುವ ದಿನ ವಿಚಾರಿಸಿ. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆಯ ವಾರದಲ್ಲಿ ಆ ಕಡೆ ಶಿಬಿರ ಇಡಬೇಡಿ. ಊರಲ್ಲಿ ಜನವೂ ಇರುವುದಿಲ್ಲ, ಬಸ್ಸಿನಲ್ಲಿ ಜಾಗವೂ ಇರುವುದಿಲ್ಲ.

ಕ್ಯಾಮೆರಾ ಬಗ್ಗೆ

ಹಾಲಕ್ಕಿ ಅಜ್ಜಿಯೊಬ್ಬರು ಕೊರಳ ತುಂಬ ಮಣಿಸರ ಹಾಕಿಕೊಂಡು ಅಂಗಳಕ್ಕೆ ಬಂದರೆ ನಾಲ್ಕಾರು ಮೊಬೈಲ್‌ಗಳು ಒಟ್ಟಿಗೆ ಮೇಲೇಳುತ್ತವೆ. ಅಜ್ಜಿ ಒಳಗೆ ಹೋಗಿಬಿಡುತ್ತಾರೆ, ಮತ್ತೆ ಹೊರಗೆ ಬರುವುದಿಲ್ಲ. ಅಂದಿಗೆ ಆ ಮನೆಯ ಮಾತುಕತೆ ಮುಗಿಯಿತು. ಬಡಗೇರಿಯ ಸುಕ್ರಿ ಬೊಮ್ಮಗೌಡ ಅವರ ಕೊರಳಲ್ಲೂ ಅದೇ ಮಣಿಸರ ಇತ್ತು. ಅವರು ನೂರಾರು ಹಾಲಕ್ಕಿ ಹಾಡುಗಳನ್ನು ನೆನಪಿನಲ್ಲಿಟ್ಟುಕೊಂಡವರು, ಸಾರಾಯಿ ವಿರುದ್ಧ ಹೆಂಗಸರನ್ನು ಕಟ್ಟಿ ಹೋರಾಡಿದವರು. ಅಂಥವರನ್ನು ಉಡುಪಿನ ಚಿತ್ರವಾಗಿ ಮಾತ್ರ ನೋಡಿ ಬಂದರೆ ನೀವು ಆ ಕೊಪ್ಪಕ್ಕೆ ಹೋದದ್ದೇ ವ್ಯರ್ಥ. ಮೊದಲ ಮೂರು ದಿನ ಮೊಬೈಲನ್ನು ಕೊಠಡಿಯಲ್ಲೇ ಇಡುವ ನಿಯಮ ಮಾಡಿ. ನಾಲ್ಕನೆಯ ದಿನ ಹೆಸರು ಹಿಡಿದು ಕರೆಯುವಷ್ಟು ಸಲುಗೆ ಬಂದಿರುತ್ತದೆ, ಆಗ ಕೇಳಿ. ಬೇಡವೆಂದರೆ ಬೇಡ. ಶಾಲಾ ಮಕ್ಕಳ ಮುಖ ಕಾಣುವ ಚಿತ್ರವನ್ನು ಪಾಲಕರ ಒಪ್ಪಿಗೆ ಇಲ್ಲದೆ ಎಲ್ಲಿಯೂ ಹಾಕಬೇಡಿ. ತೆಗೆದ ಚಿತ್ರಗಳಲ್ಲಿ ಒಳ್ಳೆಯವನ್ನು ಅಚ್ಚು ಹಾಕಿಸಿ ಆ ಮನೆಗಳಿಗೆ ತಲುಪಿಸಿ.

ಮರಳಿದ ಮೇಲೆ

ಕೊನೆಯ ದಿನ ಹೊರಡುವ ಮೊದಲು ಊರಿನವರನ್ನು ಕೂರಿಸಿ ಲೆಕ್ಕ ಓದಬೇಕು: ಎಷ್ಟು ಹಣ ಬಂತು, ಯಾವುದಕ್ಕೆ ಹೋಯಿತು, ಯಾವ ಕೆಲಸ ಮುಗಿಯಿತು, ಯಾವುದು ಅರ್ಧಕ್ಕೆ ನಿಂತಿತು. ಅರ್ಧಕ್ಕೆ ನಿಂತದ್ದನ್ನು ಮರೆಮಾಚದೆ ಹೇಳಿ. ಹಾರೆ, ಬುಟ್ಟಿ, ಉಳಿದ ಚೀಲಗಳನ್ನು ನೋಡಿಕೊಳ್ಳಲು ಒಪ್ಪಿದವರ ಕೈಗೆ ಒಪ್ಪಿಸಿ, ಶಾಲೆಯ ಕೊಠಡಿಯನ್ನು ಸಾರಿಸಿ ಬೀಗದ ಕೈ ಮುಖ್ಯಾಧ್ಯಾಪಕರಿಗೆ ಕೊಡಿ.

ಆರು ತಿಂಗಳ ಒಳಗೆ ಇಬ್ಬರು ಮೂವರಾದರೂ ಮತ್ತೆ ಹೋಗಬೇಕು. ‘ಅಕ್ಕೋರೆ, ನಿಮ್ಮ ಮಕ್ಕಳು ಕಟ್ಟಿದ ಒಡ್ಡಿನ ಎಡಗಡೆ ಸೋರುತ್ತಿದೆ’ ಎಂದು ಫೋನ್ ಮಾಡುವಷ್ಟು ಸಲುಗೆ ಊರಿನವರಿಗಿದ್ದರೆ ನಿಮ್ಮ ಶಿಬಿರ ಚೆನ್ನಾಗಿಯೇ ಆಗಿದೆ. ಆ ಕರೆ ಬಂದಾಗ ಪರೀಕ್ಷೆ ಇದೆ ಎಂದು ಮುಂದೂಡಬೇಡಿ, ಒಂದು ಭಾನುವಾರ ಸಾಕು.

ವರದಿಯನ್ನು ಎರಡು ಪ್ರತಿ ಮಾಡಿ, ಕನ್ನಡದಲ್ಲೇ ಬರೆಯಿರಿ. ಒಂದು ಪಂಚಾಯಿತಿಗೆ, ಇನ್ನೊಂದು ಮುಂದಿನ ವರ್ಷದ ತಂಡಕ್ಕೆ. ಉದ್ಘಾಟನೆಗೆ ಯಾರು ಬಂದರು, ಯಾರು ಅಧ್ಯಕ್ಷತೆ ವಹಿಸಿದರು ಎಂಬುದಕ್ಕೆ ಎರಡು ಸಾಲು ಸಾಕು. ಯಾವ ಹಳ್ಳದಲ್ಲಿ ಯಾವ ತಿಂಗಳವರೆಗೆ ನೀರಿತ್ತು, ಜೇಡಿಮಣ್ಣು ಎಲ್ಲಿ ಸಿಕ್ಕಿತು, ಅಡುಗೆಯವರಿಗೆ ಎಷ್ಟು ಕೊಟ್ಟಿರಿ, ಯಾವ ಕೇರಿಯವರ ಬೇಡಿಕೆ ಹಾಗೆಯೇ ಉಳಿಯಿತು ಎಂಬುದಕ್ಕೆ ಪುಟಗಟ್ಟಲೆ ಜಾಗ ಕೊಡಿ. ಮುಂದಿನ ತಂಡ ತನ್ನ ಮೊದಲ ಭೇಟಿಗೆ ಹೊರಡುವಾಗ ಚೀಲದಲ್ಲಿ ಆ ಪ್ರತಿ ಇರಲಿ, ಉಳಿದ ಬೇಡಿಕೆಯ ಕೇರಿಯಿಂದಲೇ ಅವರ ಮಾತು ಶುರುವಾಗಲಿ.